ಆಮೆಯ ಶಾಖಕ್ಕೆ ಕನ್ನ

ಫ್ರಿಜ್ ರಿಪೇರಿಯವನಿಗೆ ತನ್ನ ಕೈಗುಣದ ಮೇಲೆ ಸ್ವಲ್ಪ ಜಾಸ್ತಿಯೇ ನಂಬಿಕೆ. ಹಾಗಾಗಿ ಹದಿನೈದು ದಿನದ ತರಬೇತಿಗೆಂದು ಬೇರೆ ಊರಿಗೆ ಹೊರಟ ಅಕ್ಕ, ತನ್ನ ಸಾಕು ಆಮೆಯನ್ನು ಕಾವು ಕೊಡುವ ದೀಪ, ಥರ್ಮಾಮೀಟರು ಇದ್ದ ಮರದ ಪೆಟ್ಟಿಗೆಯ ಸಮೇತ ತಂದಿಟ್ಟಾಗ ಅವನು ನಕ್ಕುಬಿಟ್ಟ.

"ದೀಪದ ಕೆಳಗೆ ಮೂವತ್ತೆರಡು ಡಿಗ್ರಿ, ಆ ಮೂಲೇಲಿ ಇಪ್ಪತ್ತೈದು. ಮೈ ತಣ್ಣಗಾದ್ರೆ ತಿನ್ನಲ್ಲ, ತಿಂದಿದ್ದೂ ಅರಗಲ್ಲ. ನೆನಪಿರ್ಲಿ ಕಣೋ," ಎಂದಳು ಅಕ್ಕ.

"ಇಪ್ಪತ್ತು ವರ್ಷದಿಂದ ಜನರ ಮನೆ ಹಾಲು ಕೆಡದ ಹಾಗೆ ನೋಡ್ಕೊಂಡಿದೀನಿ. ಒಂದು ಆಮೆ ಬೆಚ್ಚಗಿಡೋದು ಯಾವ ಮಹಾ ವಿದ್ಯೆ? ನೀನು ನಿಶ್ಚಿಂತೆಯಾಗಿ ಹೋಗ್ಬಾ."

ಪ್ಲಗ್ ಇದ್ದದ್ದು ನಡುಮನೆಯಲ್ಲಿ, ಅತ್ತೆಯ ಕುರ್ಚಿಯ ಪಕ್ಕ. ಪೆಟ್ಟಿಗೆ ಅಲ್ಲೇ ಕೂತಿತು. ಅತ್ತೆ ಚಳಿಗಾಲ ಕಳೆಯಲು ಮಗಳ ಮನೆಗೆ ಬಂದವರು; ಮಗಳು ಕೆಲಸಕ್ಕೆ ಹೋದರೆ ಹಗಲೆಲ್ಲ ಒಬ್ಬರೇ. ಅಳಿಯನೊಂದಿಗೆ ಅವರ ಮಾತು ದಿನಕ್ಕೆ ಎರಡೇ: "ಹೊರಟ್ರಾ?", "ಬಂದ್ರಾ?"

ಮೂರನೆಯ ದಿನ ಆಮೆ ಸೊಪ್ಪು ಮುಟ್ಟಲಿಲ್ಲ. ಥರ್ಮಾಮೀಟರು ಬೆಳಿಗ್ಗೆ ಮೂವತ್ತೆರಡು, ಸಂಜೆ ಮೂವತ್ತೆರಡು. ಆದರೆ ಅದೇ ಥರ್ಮಾಮೀಟರು ದಾಖಲಿಸಿಟ್ಟುಕೊಂಡ ದಿನದ ಕನಿಷ್ಠ ಇಪ್ಪತ್ತು! ಅವನು ಬಲ್ಬು ಬದಲಾಯಿಸಿದ. ಥರ್ಮೋಸ್ಟಾಟ್ ಬಿಚ್ಚಿ ಜೋಡಿಸಿದ, ಮತ್ತೆ ಬಿಚ್ಚಿದ. ಪೆಟ್ಟಿಗೆಯ ಸಂದುಗಳಿಗೆಲ್ಲ ಥರ್ಮೋಕೋಲ್ ತುರುಕಿದ. ಇಪ್ಪತ್ತು ಕದಲಲಿಲ್ಲ. ಅಕ್ಕ ಫೋನ್ ಮಾಡಿದಾಗ, "ಚೆನ್ನಾಗಿದೆ, ನಿನ್ನ ಹೆಸರೆತ್ತಿದ್ರೆ ಸಾಕು, ಕತ್ತು ಚಾಚುತ್ತೆ," ಎಂದು ಹಸಿ ಸುಳ್ಳು ಹೇಳಿದ. ಅದು ಕತ್ತು ಒಳಗೆಳೆದುಕೊಂಡು ಎರಡು ದಿನವಾಗಿತ್ತು.

ಆರನೆಯ ದಿನ ಮರೆತುಹೋದ ಸ್ಪ್ಯಾನರ್ ಒಯ್ಯಲು ಮಧ್ಯಾಹ್ನ ಮನೆಗೆ ಬಂದ. ನೋಡಿದರೆ ದೀಪದ ಕತ್ತು ಪೆಟ್ಟಿಗೆಯಿಂದ ಹೊರಕ್ಕೆ ತಿರುಗಿದೆ! ಅತ್ತೆ ಎರಡೂ ಮೊಣಕಾಲನ್ನು ಅದಕ್ಕೊಡ್ಡಿ, ಕಣ್ಮುಚ್ಚಿ, ಸ್ವರ್ಗ ಮೂರೇ ಗೇಣು ಎಂಬಂತೆ ಕೂತಿದ್ದಾರೆ. ಆಮೆ ಕತ್ತಲ ಮೂಲೆಯಲ್ಲಿ ಕಲ್ಲಾಗಿದೆ.

"ಅತ್ತೆ!"

"ಅಯ್ಯೋ, ಅಳಿಯಂದ್ರೆ! ಪಾಪ, ಅದಕ್ಕೆ ಸೆಕೆ ಆಗುತ್ತೇನೋ ಅಂತ…"

"ಸೆಕೆ ಅಂತ ಅದು ಹೇಳ್ತಾ?"

"ಅದೆಲ್ಲಿ ಹೇಳುತ್ತೆ? ಚಳಿ ಅಂತ ನನ್ನ ಮೊಣಕಾಲು ಹೇಳ್ತು."

ಮೂರು ದಿನ ತನ್ನ ಕೈಯನ್ನೇ ಅನುಮಾನಿಸಿದ ಸಿಟ್ಟು ಅವನ ನೆತ್ತಿಗೇರಿತು. "ನೋವು ಅಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಯಾರ ಹತ್ರ ಹೇಳ್ಲಿ? ನೀವು ಕೆಟ್ಟ ಫ್ರಿಜ್ ಜತೆ ಆಡೋ ಮಾತಲ್ಲಿ ಕಾಲು ಭಾಗಾನೂ ನನ್ನ ಜತೆ ಆಡಲ್ಲ."

ಅದು ನಿಜವೇ. ಸಿಟ್ಟು ಬಂದ ದಾರಿಯಲ್ಲೇ ಇಳಿಯಿತು. ಅವನು ದೀಪವನ್ನು ಆಮೆಯ ಕಡೆ ತಿರುಗಿಸಿ, ಸ್ಪ್ಯಾನರ್ ಮರೆತು ಅಂಗಡಿಗೆ ಓಡಿದ. ಸಂಜೆಯೊಳಗೆ ಅತ್ತೆಯ ಕುರ್ಚಿಗೇ ಒಂದು ದೀಪ ಬಂತು, ಮಿತಿ ಮೀರಿದರೆ ತಾನೇ ಆರುವ ಸ್ವಿಚ್ಚಿನೊಂದಿಗೆ.

"ನನಗೆಷ್ಟು ಡಿಗ್ರಿ?" ಅತ್ತೆ ಕೇಳಿದರು.

"ನೀವು ಹೇಳಿದಷ್ಟು."

ಮರುದಿನದಿಂದ ಅತ್ತೆಯೇ ಕಾವಲು. ಅವನು ಯಾರದೋ ಫ್ರಿಜ್ಜಿನೊಳಗೆ ತಲೆ ತೂರಿಸಿದ್ದಾಗ ಫೋನ್ ಬರುತ್ತಿತ್ತು: "ಮೂವತ್ತೊಂದೂವರೆಗೆ ಇಳೀತು, ಏನ್ಮಾಡ್ಲಿ?" ಒಂದು ದಿನವಂತೂ ಗ್ರಾಹಕರ ಮನೆಯವರೆಲ್ಲ ಬೆಚ್ಚುವಂತೆ ಫೋನಿನಲ್ಲೇ ಕೂಗಿದರು: "ಅಳಿಯಂದ್ರೆ, ತಿಂತು! ಎರಡೆಲೆ ತಿಂತು!" ಅವನು ಅಲ್ಲೇ ಕುಣಿದುಬಿಟ್ಟ.

ಅಕ್ಕ ಬಂದು ಆಮೆಯನ್ನು ಎತ್ತಿ ನೋಡಿ, "ಪರವಾಗಿಲ್ವೇ, ಮೈ ತುಂಬಿದೆ," ಎಂದಳು.

"ಕರ್ಕೊಂಡ್ಹೋಗಮ್ಮಾ, ನಿನ್ನದೇ," ಎಂದರು ಅತ್ತೆ. ಪೆಟ್ಟಿಗೆಯ ಅಂಚು ಮಾತ್ರ ಬಿಡಲಿಲ್ಲ. ಅವನು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿದ:

"ಇನ್ನೊಂದು ವಾರ ತರಬೇತಿ ಇದೆ ಅಂತ ಹೇಳ್ಬಿಡೇ."