ಗಾಳಿ ಪೈಪಿನಲ್ಲಿ ಯಮನೂರಸಾಬ

ಎದೆ ಗಟ್ಟಿ ಇದ್ದವರಷ್ಟೇ ಮುಂದೆ ಓದಿ. ಗಂಗಾವತಿಯಲ್ಲಿ ಪೈಪು ಜೋಡಿಸುವವರು ಓಣಿಗೊಬ್ಬರಿದ್ದಾರೆ. ಪೈಪಿನೊಳಗಿನ ದೆವ್ವದ ಕುತ್ತಿಗೆ ಹಿಡಿದು ಹೊರಗೆ ಹಾಕಿದ ಗಂಡು ಮಾತ್ರ ಒಬ್ಬನೇ, ನಮ್ಮ ಹುಲಿಗೆಪ್ಪ. ಅವನ ಎಂಟ್ರಿಗೆ ಹಿನ್ನೆಲೆ ಸಂಗೀತವೊಂದು ಇರಲಿಲ್ಲ, ಅಷ್ಟೇ.

ಖಾಜಾಬೀ ತನ್ನ ಹಳೆಯ ಬಚ್ಚಲನ್ನು ಒಡೆಸಿ ಹೊಸದು ಮಾಡಿಸಿದ್ದಳು. ಟೈಲ್ಸು ಮಿರಿಮಿರಿ, ಕಮೋಡು ಬೆಳ್ಳಗೆ. ಆದರೆ ಮೇಲಿನ ಬಾಡಿಗೆಯವರು ಫ್ಲಶ್ ಒತ್ತಿದರೆ ಸಾಕು, ಕೆಳಗೆ ಬಚ್ಚಲಿನ ನೀರು ಹೋಗುವ ಜಾಳಿಯೊಳಗಿಂದ ಗೊಳಗೊಳಗೊಳ ಎಂದು ಯಾರೋ ಗಂಟಲು ತೊಳೆದಂತೆ ಸದ್ದು. ಬೆನ್ನಿಗೇ ಗಟಾರದ ನಾತ. ಚೊಚ್ಚಲ ಬಾಣಂತನಕ್ಕೆ ಬರಬೇಕಿದ್ದ ಮಗಳು ಹಸೀಬಾ ಫೋನಿನಲ್ಲೇ ಖಡಕ್ಕಾಗಿ ಹೇಳಿದ್ದಳು: "ಆ ನಾತದಾಗ ಕೂಸಿನ್ನ ಹೆಂಗ ಮಲಗಸ್ಲಿ? ನಾ ಬರಂಗಿಲ್ಲ."

ಹುಲಿಗೆಪ್ಪ ಜಾಳಿ ಎತ್ತಿ ಇಣುಕಿ ನಕ್ಕ. "ಚಾಚಿ, ವಿಲನ್ ಸಿಕ್ಕ! ಮ್ಯಾಲಿಂದ ನೀರು ದಬಕ್ಕನ ಇಳಿಯೋವಾಗ ಹಿಂದ ಗಾಳಿ ಬೇಕ್ರಿ. ನಿಮ್ಮ ಬಚ್ಚಲ ಕಟ್ಟಿದ ಗೌಂಡಿ ಗಾಳಿ ಪೈಪ ಇಟ್ಟೇ ಇಲ್ಲ. ಅದಕ್ಕ ಅದು ಈ ಜಾಳಿಯಿಂದ ಗಾಳಿ ಜಗ್ಗತೈತಿ, ಜಾಳಿ ಕೆಳಗ ನಿಂತು ನಾತ ತಡಿಯೋ ನೀರನ್ನೂ ಕುಡದು ಬಿಡ್ತೈತಿ. ಮಾಳಗಿ ಮ್ಯಾಲಿನ ತನಕ ಒಂದ ಪೈಪ ಎಬ್ಬಿಸಿದ್ರ ಪಿಚ್ಚರ್ ಖತಮ್!"

"ಸಪ್ಪಳಾನೂ ನಿಲ್ತೈತೇನು?"

"ಗ್ಯಾರಂಟಿ!"

"ಹಂಗಾರ ಬ್ಯಾಡೋ ಹುಲಿಗ್ಯಾ."

ಅವಳ ಗಂಡ ಯಮನೂರಸಾಬ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು. ಸಂಜೆ ಬಂದವನೇ ಗಂಟಲಲ್ಲಿ ಕೂತ ತೌಡಿನ ಧೂಳನ್ನು ಅದೇ ಜಾಗದ ಹಳೆಯ ಬಚ್ಚಲಲ್ಲಿ ನಿಂತು ತೊಳೆಯುತ್ತಿದ್ದ. ಹೋದ ವರ್ಷ ತೀರಿಕೊಂಡ.

"ಅದು ಅವರ ದನೀನ. ಗುರುತ ಹತ್ತಂಗಿಲ್ಲೇನು ನನಗ?" ಎಂದಳು ಖಾಜಾಬೀ.

ಎಲ್ಲದಕ್ಕೂ ಡೈಲಾಗು ಹೊಡೆಯುವ ಹುಲಿಗೆಪ್ಪ ಎತ್ತಿದ್ದ ಜಾಳಿಯನ್ನು ಮೆಲ್ಲಗೆ ಮತ್ತೆ ಕೂರಿಸಿದ. ಅಷ್ಟರಲ್ಲಿ ಫೋನು ಬಡಿಯಿತು. ಹಸೀಬಾ. ಖಾಜಾಬೀ ಅದನ್ನು ಎತ್ತಲಿಲ್ಲ. ಅದು ಬಡಿದು ಬಡಿದು ಸುಮ್ಮನಾದ ಮೇಲೆ, "ಹಾಕಪಾ. ಇದ್ದವ್ರ ಬರಬೇಕಲ್ಲ ಮನಿಗಿ" ಎಂದಳು.

ಪೈಪು ಎದ್ದಿತು. ಮೇಲಿನವರು ಫ್ಲಶ್ ಒತ್ತಿದರು. ಜಾಳಿಯಲ್ಲಿ ಸದ್ದಿಲ್ಲ, ನಾತವಿಲ್ಲ. ಖಾಜಾಬೀ ಬಚ್ಚಲ ಹೊಸ್ತಿಲಿಗೆ ಕೂತು ಜಾಳಿಯನ್ನೇ ನೋಡುತ್ತಿದ್ದಳು. ಆ ಮುಖ ನೋಡಲಾಗದೆ ಹುಲಿಗೆಪ್ಪ, "ಪೈಪಿಗೆ ಮುಚ್ಚಳ ಹಾಕಿ ಬರ್ತೀನ್ರಿ ಚಾಚಿ" ಎಂದು ಮಾಳಿಗೆ ಏರಿದ.

ಇನ್ನು ಕೊಚ್ಚಿಕೊಂಡದ್ದು ಸಾಕು, ನಡೆದದ್ದು ಹೇಳಿಬಿಡುತ್ತೇನೆ. ಹುಲಿಗೆಪ್ಪ ಯಾವ ದೆವ್ವವನ್ನೂ ಹೊರಗೆ ಹಾಕಲಿಲ್ಲ. ಬಾಟಲಿಯ ನೀರನ್ನು ಬಾಯಿಗೆ ಹೊಯ್ದುಕೊಂಡು, ಪೈಪಿನ ತುದಿಗೆ ಮುಖವಿಟ್ಟು, ಥೇಟ್ ಯಮನೂರಸಾಬನ ಹಾಗೆ ಗೊಳಗೊಳ ಎಂದು ಗಂಟಲು ತೊಳೆದ. ಮುದುಕಿಗೆ ಕೊನೆಯದಾಗಿ ಒಮ್ಮೆ ಕೇಳಲಿ ಎಂದು. ಆಮೇಲೆ ನೀರು ಉಗುಳಿ, ಮುಚ್ಚಳ ಕೈಗೆತ್ತಿಕೊಂಡ.

ಕೆಳಗಿನಿಂದ ಖಾಜಾಬೀಯ ನಗು ಕೇಳಿತು. ಆಮೇಲೆ ಮಾತು:

"ಹಸೀಬಾಗ ಹೆಣ್ಣ ಹುಟ್ಟತೈತಿ ಅಂತೀರೇನು? ಆಗ್ಲಿ ತಗೋರಿ, ನಿಮ್ಮ ಅಮ್ಮಾನ ಹೆಸರ ಇಡೂಣು, ಮೈಮುನಬಿ."

ಹುಲಿಗೆಪ್ಪ ಗಂಟಲು ತೊಳೆದಿದ್ದ, ಅಷ್ಟೇ. ಮಾತಾಡಿರಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಕೆಳಗೆ ಖಾಜಾಬೀ ಮತ್ತೆ "ಹ್ಞೂಂ... ಹ್ಞೂಂ..." ಎನ್ನುತ್ತಾ ಯಾರ ಮಾತನ್ನೋ ಕೇಳಿಸಿಕೊಳ್ಳುತ್ತಿದ್ದಳು. ಆ ಗಂಡಿಗೆ ಪೈಪಿಗೆ ಕಿವಿ ಇಡುವ ಧೈರ್ಯ ಬರಲಿಲ್ಲ. ಮುಚ್ಚುವ ಧೈರ್ಯವೂ ಬರಲಿಲ್ಲ.