ತೀರಾ ದುಂಡಗಿನ ಮೇಜು

ಕಸದ ಗಾಡಿ ಹಿಂದಕ್ಕೆ ಬರುತ್ತಿದೆ, ಕುಂಯ್ ಕುಂಯ್ ಎಂದು, ದಾರಿ ಬಿಡಿ ದಾರಿ ಬಿಡಿ ಅನ್ನುತ್ತಾ, ರಸ್ತೆಯಲ್ಲಿ ಯಾರೂ ಇಲ್ಲ, ಆದರೂ ಅನ್ನುತ್ತದೆ — ನಿನ್ನೆಯೂ ಬಂದಿರಬೇಕು, ಮೊನ್ನೆಯೂ, ಮನೆ ತುಂಬ ಜನರಿದ್ದರಲ್ಲ, ಕಿವಿಗೆ ಬೀಳಲಿಲ್ಲ, ಈವತ್ತು ಕೇಳುತ್ತಿದೆ ಎಂದರೆ ಎಲ್ಲರೂ ಹೋದರು ಎಂದು ಅರ್ಥ, ಅವನನ್ನು ಕಳಿಸಿಕೊಟ್ಟು ಬಂದವರು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಹೋದರು, ಯಾರೋ ಅವಸರದಲ್ಲಿ ಬೇರೆಯವರದ್ದು ಮೆಟ್ಟಿಕೊಂಡು ಹೋಗಿದ್ದಾರೆ, ಬಾಗಿಲ ಬಳಿ ಒಂದು ಜೊತೆ ಉಳಿದಿದೆ, ಯಾರದೋ. ಏಳಬೇಕು, ಎದ್ದೆ, ಹಲ್ಲುಜ್ಜಬೇಕು, ಉಜ್ಜುತ್ತಿದ್ದೇನೆ, ಕನ್ನಡಿಯೊಳಗಿನ ಹೆಂಗಸು ಚೆನ್ನಾಗಿಯೇ ಇದ್ದಾಳೆ, ನಿದ್ದೆ ಬಂದಿದೆ ಅವಳಿಗೆ, ಇಷ್ಟು ಚೆನ್ನಾಗಿ ನಿದ್ದೆ ಮಾಡಿದ್ದನ್ನು ಯಾರಿಗೂ ಹೇಳಬಾರದು, ಅತ್ತೆಗಂತೂ ಹೇಳಬಾರದು. ಲ್ಯಾಬಿನಿಂದ ಹಿರಿಯರೊಬ್ಬರು ಫೋನ್ ಮಾಡಿದ್ದರು, ರಜೆ ಎಷ್ಟು ಬೇಕಾದ್ರೂ ತಗೊಳ್ಳಿ, ಏನೂ ಯೋಚ್ನೆ ಮಾಡ್ಬೇಡಿ, ಹೂಂ ಅಂದೆ, ಯೋಚನೆ ಮಾಡುತ್ತಿಲ್ಲ, ಯೋಚನೆ ತಾನೇ ಹೋಗುತ್ತಿದೆ, ನಲ್ಲಿಯ ನೀರಿನ ಹಾಗೆ, ನಾನು ಬರೀ ಪಕ್ಕದಲ್ಲಿ ನಿಂತಿದ್ದೇನೆ. ಹಾಲ್‌ನಲ್ಲಿ ಅತ್ತೆ ಆಗಲೇ ಎದ್ದು ಕೂತಿದ್ದಾರೆ, ಮೇಜಿನ ಹತ್ತಿರ, ಬಲಗೈ ಅದರ ಅಂಚಿನ ಮೇಲೆ ಹೋಗುತ್ತಿದೆ, ಕೈ ನಿಲುಕುವಷ್ಟು ದೂರ ಹೋಗಿ ಮತ್ತೆ ಹಿಂದಕ್ಕೆ, ಮೂಲೆ ಇಲ್ಲದ ಮೇಜಿನಲ್ಲಿ ಕೈಗೆ ನಿಲ್ಲಲು ಜಾಗವೇ ಸಿಗುವುದಿಲ್ಲ. ನನ್ನ ಮಗ ಕೊನೇದಾಗಿ ಮನೆಗೆ ತಂದದ್ದು, ಎಂದು ಬಂದವರಿಗೆಲ್ಲ ಹೇಳಿದರು ಅವರು, ನಾದಿನಿಗೆ, ಎದುರುಮನೆಯವರಿಗೆ, ಅವನ ಸರ್ವೆ ಕಚೇರಿಯವರಿಗೆ, ಎಲ್ಲರೂ ಒಬ್ಬೊಬ್ಬರಾಗಿ ಮುಟ್ಟಿ ನೋಡಿದರು, ಒಳ್ಳೆ ಮರ, ಈಗಿನ ಕಾಲದಲ್ಲಿ ಇಂಥದ್ದೆಲ್ಲಿ ಸಿಗುತ್ತೆ ಅಂದರು, ನಾನು ತಲೆಯಾಡಿಸಿದೆ. ಅವನು ಇದನ್ನು ಕೊಂಡಿಲ್ಲ. ಅಂಗಡಿಯಿಂದ ಕಡ ತಂದದ್ದು, ನೋಡಿ ಹೇಳುತ್ತೇವೆ ಎಂದು. ನೋಡಿಯೂ ಆಗಿತ್ತು, ಬೇಡ ಎಂದೂ ಆಗಿತ್ತು. ಇದು ಗೊತ್ತಿರುವುದು ನನಗೊಬ್ಬಳಿಗೆ, ಮೊದಲು ಇಬ್ಬರಿಗೆ ಗೊತ್ತಿತ್ತು.

ದುಂಡು ಮೇಜು ಬೇಕು ಎಂದು ಹಟ ಹಿಡಿದವನು ಅವನೇ, ನನಗೆ ಯಾವುದಾದರೂ ಆಗುತ್ತಿತ್ತು, ಗೋಡೆಗೊತ್ತಿ ಇಡುವ ಚೌಕದ್ದೊಂದು ಸಾಕು ಎಂದಿದ್ದೆ, ಮೂಲೆ ಇದ್ರೆ ಜಗಳಕ್ಕೆ ಜಾಗ ಸಿಗುತ್ತೆ ಕಣೆ, ನೀನು ಆ ಮೂಲೆ ನಾನು ಈ ಮೂಲೆ, ದುಂಡಗಿದ್ರೆ ಎಲ್ಲಿ ಕೂತ್ರೂ ಪಕ್ಕದಲ್ಲೇ. ಹಳೆಯ ಪೇಪರುಗಳನ್ನು ಅಂಟಿಸಿ ಮೇಜಿನಗಲದ ವೃತ್ತ ಕತ್ತರಿಸಿದ, ನೆಲಕ್ಕೆ ಹಾಸಿ ಸುತ್ತ ಕುರ್ಚಿ ಇಟ್ಟು, ಕೂತು, ಎದ್ದು, ಕುರ್ಚಿ ಹಿಂದಕ್ಕೆ ಸರಿಸಿದರೆ ಕಪಾಟಿನ ಬಾಗಿಲು ತೆಗೆಯಲಾಗುತ್ತದೆಯೇ ನೋಡಿ, ಒಂದು ಗೇಣು ಚಿಕ್ಕದು ಮಾಡಿ, ಮತ್ತೆ ಹಾಸಿ — ಸುಮಾರು ದಿನ ಆ ಪೇಪರನ್ನು ತುಳಿಯದೆ ಸುತ್ತಿ ಓಡಾಡಿದೆವು, ಇಲ್ಲದ ಮೇಜಿಗೆ ದಾರಿ ಬಿಟ್ಟುಕೊಂಡು. ರಜೆ ಬಂದರೆ ಅಂಗಡಿ ಅಂಗಡಿ ಅಲೆದೆವು, ನಾಲ್ಕು ಕಾಲಿನದು ಬೇಡ, ಮೊಣಕಾಲಿಗೆ ಬಡಿಯುತ್ತದೆ, ನಡುವೆ ಒಂದೇ ಕಂಬ ಇರಬೇಕು, ಕೆಳಗೆ ಮೂರು ಪಂಜ, ಅಮೃತಶಿಲೆಯದೊಂದು ಸಿಕ್ಕಿತು, ಅಂಗೈ ಇಟ್ಟು ತೆಗೆದೆ, ಇದರ ಮೇಲೆ ತಟ್ಟೆ ಇಡುತ್ತಲೇ ಅನ್ನ ತಣ್ಣಗಾಗುತ್ತೆ ಅಂದೆ, ಅವನು ನಕ್ಕ — ಆಸ್ಪತ್ರೆಯಲ್ಲಿ ಅವನ ಹಣೆ ಮುಟ್ಟಿದಾಗ ಆ ಶಿಲೆಯೇ ನೆನಪಾಯಿತು, ಬೇರೆ ಏನಾದರೂ ನೆನಪಾಗಬೇಕಿತ್ತು. ಕಚೇರಿಯ ಮೆಟ್ಟಿಲ ಮೇಲೆ ಲೇಸು ಕಟ್ಟಿಕೊಳ್ಳಲು ಕೂತವನು ಏಳಲಿಲ್ಲವಂತೆ, ಜನ ಪಕ್ಕದಲ್ಲೇ ಇಳಿದು ಹೋದರಂತೆ, ಗೋಡೆಗೆ ಒರಗಿದ್ರು ಮೇಡಂ, ಸುಸ್ತಾಗಿರ್ಬೇಕು ಅಂದ್ಕೊಂಡ್ವಿ. ಎಷ್ಟು ಅಂಗಡಿ ನೋಡಿದರೂ ಹೀಗೇ, ಅವನು ಮೊದಲು ಮೇಜಿನ ಮೇಲ್ಭಾಗ ನೋಡುತ್ತಿರಲಿಲ್ಲ, ನೆಲಕ್ಕೆ ಕೂತು ತಲೆ ಒಳಗೆ ತೂರಿಸುತ್ತಿದ್ದ, ಮೇಲಿನ ಹೊಳಪಲ್ಲಿ ಯಾರು ಬೇಕಾದ್ರೂ ಸುಳ್ಳು ಹೇಳ್ಬಹುದು, ಅಡಿಭಾಗದಲ್ಲಿ ಹೇಳೋಕೆ ಯಾರಿಗೂ ಪುರುಸೊತ್ತಿರಲ್ಲ. ಕೊನೆಗೆ ಅಗಸೆ ಎಣ್ಣೆಯ ವಾಸನೆಯ ಆ ಹಳೇ ಮೇಜು ಕುರ್ಚಿಗಳ ಅಂಗಡಿ, ಮಾತಾಡಿದರೆ ದೂಳು ಏಳುವಂಥ ಮುದುಕರೊಬ್ಬರು, ನಾವು ಅವರಿಗೆ ಮ್ಯೂಸಿಯಂ ಎಂದು ಹೆಸರಿಟ್ಟೆವು, ಮ್ಯೂಸಿಯಂ ಇವತ್ತು ಬಾಗಿಲು ತೆಗೆದಿದೆಯಾ, ಮ್ಯೂಸಿಯಂಗೆ ಶೀತ ಆಗಿದೆ. ಇಲ್ಲಿ ನೋಡಿ ಒಪ್ಕೋಬೇಡಿ, ಮನೆಗೆ ತಗೊಂಡೋಗಿ, ನಾಕು ದಿನ ಜೊತೆಗಿರಿ, ಸರಿ ಅನ್ಸಿದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ತಗೊಂಡ್ಬನ್ನಿ, ಯಾಕೆ ಬೇಡ ಅಂತ ಮಾತ್ರ ಹೇಳ್ಬೇಕು. ಅದು ಅವರ ಪದ್ಧತಿ.

ಅವತ್ತು ಬೆಳಿಗ್ಗೆ ಅವನು ಶರ್ಟಿನ ಗುಂಡಿ ಹಾಕದೆಯೇ ಕರೆದ, ಬಾರೇ ಇಲ್ಲಿ, ಟೇಪಿನ ಈ ತುದಿ ಹಿಡ್ಕೋ, ಮರದ ಎಳೆ ಹೋದ ಕಡೆಗೆ ಒಮ್ಮೆ ಅಳೆದ, ಎಳೆಗೆ ಅಡ್ಡಲಾಗಿ ಒಮ್ಮೆ ಅಳೆದ, ಒಂದೇ ಬಂತು, ಮತ್ತೆ ಅಳೆದ, ಮತ್ತೆ ಒಂದೇ, ನಗಲು ಶುರು ಮಾಡಿದ. ಮರ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ, ತಲೆಮಾರುಗಟ್ಟಲೆ ಒಣಗಿದ ದುಂಡು ಮೇಜು ದುಂಡಗೆ ಉಳಿಯುವುದಿಲ್ಲ, ಕಣ್ಣಿಗೆ ಕಾಣದಷ್ಟು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ಇದೆಲ್ಲ ಎಷ್ಟು ಸಲ ಹೇಳಿದ್ದನೋ, ನಾನು ಬೇರೆ ಕಡೆ ನೋಡುತ್ತಾ ಹೂಂ ಅಂದಿದ್ದೆ, ಈಗ ಪಾಠ ಒಪ್ಪಿಸುವವಳ ಹಾಗೆ ಪೂರ್ತಿ ಬರುತ್ತಿದೆ. ಇದು ತೀರಾ ದುಂಡಗಿದೆ ಕಣೆ, ನನಗಿಂತ ಚಿಕ್ಕ ವಯಸ್ಸಿನದು ಇದು, ಮ್ಯೂಸಿಯಂ ನಮಗೆ ಟೋಪಿ ಹಾಕಿದೆ, ಸಂಜೆ ವಾಪಸ್ ಕೊಟ್ಬಿಡೋಣ — ಗುಂಡಿ ಹಾಕಿಕೊಂಡು ಹೋದ, ಸಂಜೆ ಮನೆ ತುಂಬ ಜನ. ದೊಡ್ಡಮಾವ ಬಂದು ಈ ಮೇಜಿನ ಅಂಚಿಗೆ ಕೈಯೂರಿ ನಿಂತರು, ಹಲಗೆಯನ್ನು ಕಂಬಕ್ಕೆ ಹಿಡಿದಿಡುವ ಕೆಳಗಿನ ಚಿಲಕವನ್ನು ಅಳೆಯುವಾಗ ಬಿಟ್ಟವನು ಮತ್ತೆ ಹಾಕಿರಲಿಲ್ಲ, ಹಲಗೆ ಎದ್ದು ನಿಂತುಕೊಂಡಿತು, ಜಾಗ ಕಡಿಮೆ ಇದ್ದಾಗ ಗೋಡೆಗೆ ಸರಿಸಿಡಲೆಂದು ಹಾಗೆ ಮಾಡಿರುತ್ತಾರೆ, ಲೋಟಗಳೆಲ್ಲ ಜಾರಿ ನೆಲಕ್ಕೆ, ದೊಡ್ಡಮಾವ ನಾದಿನಿಯ ಮಡಿಲಿಗೆ, ಅಯ್ಯೋ ನಿಮ್ಮಜ್ಜಿ ಮೇಜೇ ಎಂದರು, ನಾದಿನಿ ಅಳುತ್ತಾ ನಕ್ಕಳು, ಇಡೀ ಮನೆ ಬಾಯಿಗೆ ಸೆರಗು ಒತ್ತಿಕೊಂಡಿತು. ನಾನು ನಗಲಿಲ್ಲ, ಅತ್ತಿರಲೂ ಇಲ್ಲ, ಎದ್ದು ನಿಂತ ಹಲಗೆಯನ್ನು ನೋಡುತ್ತಿದ್ದೆ, ಅಷ್ಟು ಜನರ ನಡುವೆ ಅದರ ದುಂಡು ಮುಖ, ಎಷ್ಟು ದುಂಡಗೆ, ನಾಚಿಕೆಯಿಲ್ಲದ ಹಾಗೆ.

ಅತ್ತೇ, ಇದನ್ನ ಇವತ್ತು ವಾಪಸ್ ಕೊಟ್ಟು ಬರ್ತೀನಿ ಎಂದೆ, ನನ್ನ ದನಿ ಇಷ್ಟು ಸಲೀಸಾಗಿ ಹೊರಬಂತಲ್ಲ. ಯಾಕಮ್ಮ, ಎಂದರು ಅವರು, ಕೈ ಅಂಚಿನಲ್ಲಿ ನಿಂತಿತು. ಕೊಂಡಿಲ್ಲ, ನೋಡೋಕೆ ಅಂತ ತಂದಿದ್ದು. ಕೊಂಡ್ರಾಯ್ತು ಬಿಡು, ಅವನು ಆರಿಸಿದ್ದಲ್ವಾ, ಇರ್ಲಿ ಮನೇಲಿ, ನೀನು ಬೇಡ ಅಂದ್ರೆ ನಾನು ತಗೊಂಡೋಗ್ತೀನಿ, ನನ್ನ ಕೋಣೇಲಿಟ್ಕೋತೀನಿ. ಹೂಂ ಎನ್ನಬಹುದಿತ್ತು, ಅವರ ಕೋಣೆಯ ಕಿಟಕಿ ಪಕ್ಕ ಇದು ನಿಲ್ಲುತ್ತಿತ್ತು, ಅವರು ದಿನಾ ಸವರುತ್ತಿದ್ದರು, ಮಗ ಇಷ್ಟಪಟ್ಟದ್ದು ಎಂದು ಕೊನೆಯವರೆಗೆ ನಂಬಿಕೊಂಡಿರುತ್ತಿದ್ದರು, ಅದರಿಂದ ಯಾರಿಗೂ ಏನೂ ಕೆಡುತ್ತಿರಲಿಲ್ಲ, ಅವನ ನಗು ಒಂದನ್ನು ಬಿಟ್ಟು — ಟೇಪಿನ ಆ ತುದಿಯಲ್ಲಿ ನಗುತ್ತಿದ್ದವನು ಇಲ್ಲವಾಗಿ, ಈ ಸುಳ್ಳು ಮೇಜನ್ನು ಮೆಚ್ಚಿಕೊಂಡ ಯಾರೋ ಒಬ್ಬ ಸತ್ತ ಹಾಗಾಗುತ್ತಿತ್ತು. ಅವರು ಇದನ್ನ ಬೇಡ ಅಂದ್ರು ಅತ್ತೇ. ಬೇಡ ಅಂದ್ನಾ, ಯಾವಾಗ. ಅವತ್ತು ಬೆಳಿಗ್ಗೆ. ಯಾಕಂತೆ. ಹಳೇದಲ್ವಂತೆ, ಹಳೇದರ ಥರ ಮಾಡಿದಾರಂತೆ. ಅತ್ತೆ ಕೈಯನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು, ಏನಾದರೂ ಅನ್ನುತ್ತಾರೆಂದು ಕಾದೆ, ನಿನ್ನಿಂದಲೇ ಎನ್ನಬಹುದು, ನಿನಗೆ ಕಣ್ಣಲ್ಲಿ ನೀರಿಲ್ಲ ಎನ್ನಬಹುದು, ಅವರು ಮೂಗಿನಲ್ಲಿ ಸಣ್ಣಗೆ ನಕ್ಕರು, ಚಿಕ್ಕವನಿದ್ದಾಗ್ಲೂ ಹಿಂಗೇ ಕಣಮ್ಮ, ಯಾರಾದ್ರೂ ಆಟದ ಸಾಮಾನು ಕೊಟ್ರೆ ಆಡ್ತಿರ್ಲಿಲ್ಲ, ತಿರುಗಿಸಿ ತಿರುಗಿಸಿ ನೋಡೋನು, ಅಂಟಿಸಿರೋದು ಎಲ್ಲಿ ಅಂತ, ಕೊಟ್ಟೋರ ಮುಂದೇನೇ, ನನಗೆ ಮುಖ ಎಲ್ಲಿಡ್ಬೇಕೋ ಗೊತ್ತಾಗ್ತಿರ್ಲಿಲ್ಲ. ಎದ್ದು ಒದ್ದೆ ಬಟ್ಟೆ ತಂದು ಮೇಜನ್ನು ಒರೆಸಿದರು, ಬೇಗ ಬೇಗ, ಬೇರೆಯವರ ಪಾತ್ರೆ ತೊಳೆದು ಹಿಂದಿರುಗಿಸುವವರ ಹಾಗೆ, ಕೊಟ್ಬಿಡು, ಅವನು ಬೇಡ ಅಂದದ್ದು ನಮಗ್ಯಾಕೆ.

ವ್ಯಾನಿನವನು ಹಗ್ಗ ಬಿಗಿದ, ಮೇಡಂ ನೀವು ಮುಂದೆ ಕೂತ್ಕೊಳ್ಳಿ, ಕೂತೆ, ಅಂಗಡಿಗಳು ಬಾಗಿಲು ಎತ್ತುತ್ತಿವೆ, ಒಬ್ಬ ಗಾಜು ಒರೆಸುತ್ತಿದ್ದಾನೆ, ಒಬ್ಬಳು ಓಡುತ್ತಾ ಜಡೆ ಹಾಕಿಕೊಳ್ಳುತ್ತಿದ್ದಾಳೆ, ಮೆಟ್ಟಿಲ ಮೇಲೆ ಕೂತವರನ್ನೆಲ್ಲ ನೋಡುತ್ತೇನೆ, ಎಲ್ಲರೂ ಏಳುತ್ತಾರೆ. ಮ್ಯೂಸಿಯಂ ಬಾಗಿಲಲ್ಲೇ ಇದ್ದರು, ಮೇಜನ್ನು ಇಳಿಸಿದ್ದನ್ನು ಕನ್ನಡಕದ ಮೇಲಿಂದ ನೋಡಿದರು, ಹೇಳಿ, ಯಾಕೆ ಬೇಡ ಅಂದ್ರು. ತೀರಾ ದುಂಡಗಿದೆಯಂತೆ ಎಂದೆ. ಅವರ ಮುಖದ ತುಂಬ ಬೆಳಕು, ಇಂಥ ಬೆಳಕನ್ನು ಇಷ್ಟು ದಿನದಲ್ಲಿ ಯಾರ ಮುಖದಲ್ಲೂ ಕಂಡಿರಲಿಲ್ಲ, ಹಿಡಿದುಬಿಟ್ರಾ, ನನಗೊತ್ತಿತ್ತು, ಮೊದಲ ದಿನ ನೆಲಕ್ಕೆ ಕೂತಾಗಲೇ ಅಂದ್ಕೊಂಡೆ ಈ ಮನುಷ್ಯ ಬಿಡಲ್ಲ ಅಂತ, ಬೇಜಾರು ಮಾಡ್ಕೋಬೇಡಿ, ಮೊದಲ ಸಲ ಎಲ್ಲರಿಗೂ ಇಂಥದ್ದನ್ನೇ ಕಳಿಸೋದು, ಚೆನ್ನಾಗಿದೆ ಅಂತ ಇಟ್ಕೊಂಡೋರಿಗೆ ಹೊಸ ಮೇಜಿನ ಬೆಲೆನೇ ಹೇಳ್ತೀನಿ, ನನಗೆ ಪಾಪ ಬೇಡ, ಸುಳ್ಳು ಅಂತ ವಾಪಸ್ ತಂದೋರಿಗೆ ಮಾತ್ರ ಒಳಗಡೆ ಕೋಣೆ ತೋರಿಸ್ತೀನಿ, ಬನ್ನಿ ಬನ್ನಿ. ಸೊಂಟದ ಕೀಲಿ ತೆಗೆದು ಹಿಂದಿನ ಬಾಗಿಲು ತೆರೆದರು, ದೀಪ ಹಾಕಿದರು, ಒಳಗೆ ಹಲಗೆ ಎತ್ತಿ ನಿಲ್ಲಿಸಿದ ಮೇಜುಗಳು ಸಾಲಾಗಿ, ಕಪ್ಪು, ಕಂದು, ಜೇನಿನ ಬಣ್ಣ, ಒಂದೂ ಪೂರ್ತಿ ದುಂಡಗಿಲ್ಲ, ಸುಮ್ಮನೆ ನೋಡಿದರೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತಿದೆ, ಒಂದೊಂದೂ ಎಲ್ಲೋ ಒಂದು ಕಡೆ ಒಣಗಿ ಒಳಗೆ ಸರಿದಿದೆ, ಅವನಾಗಿದ್ದರೆ ಈಗ ನೆಲಕ್ಕೆ ಕೂತಿರುತ್ತಿದ್ದ. ಅವ್ರು ಯಾವಾಗ ಬರ್ತಾರೆ, ಸಂಜೆ ಕಳಿಸಿ, ಬಾಗಿಲು ತೆಗೆದಿಟ್ಟಿರ್ತೀನಿ. ಬರಲ್ಲ ಎಂದೆ. ಯಾಕೆ, ಕೋಪಾನಾ. ಇಲ್ಲ, ಅವರು ತೀರಿಕೊಂಡ್ರು — ನನ್ನ ಬಾಯಿಂದ ಇದು ಮೊದಲನೇ ಸಲ, ಇಷ್ಟು ದಿನ ನನ್ನ ಪರವಾಗಿ ಬೇರೆಯವರು ಹೇಳುತ್ತಿದ್ದರು, ಎರಡೇ ಪದ, ಬಾಯಲ್ಲಿ ಮರದ ಹುಡಿ ಇದ್ದ ಹಾಗೆ. ಮುದುಕರ ಕೈ ಬಾಗಿಲ ಹಿಡಿಯ ಮೇಲೇ ಇತ್ತು, ಮುಚ್ಚಬೇಕೋ ಬೇಡವೋ ತಿಳಿಯದ ಕೈ, ಆಮೇಲೆ ನಿಧಾನವಾಗಿ ಹೊರಗೆ ಬಂದು, ನಾನು ತಂದದ್ದರ ಅಡಿಗೆ ಕೈ ಹಾಕಿ ಚಿಲಕ ಬಿಟ್ಟು, ಹಲಗೆಯನ್ನು ಎತ್ತಿ ನಿಲ್ಲಿಸಿದರು, ಬೀದಿಯ ಕಡೆಗೆ ಮುಖ ಮಾಡಿ, ಮುಂದಿನವರು ಬಂದು ನೋಡಲಿ ಎಂದು, ಅತ್ತೆ ಒರೆಸಿದ ನೀರು ಅಂಚಿನಲ್ಲಿ ಇನ್ನೂ ಒಂದು ಕಡೆ ಆರಿಲ್ಲ, ಬೆಳಗಿನ ಬೆಳಕು ಅದರ ಮೇಲೆ ಬಿದ್ದಿದೆ, ಮೇಲಿಂದ ಕೆಳಕ್ಕೆ ನೋಡುತ್ತೇನೆ, ಎಡದಿಂದ ಬಲಕ್ಕೆ ನೋಡುತ್ತೇನೆ, ದುಂಡಗಿದೆ, ಒಣಗಿಲ್ಲ, ಎಲ್ಲೂ ಒಂದು ಕೂದಲೆಳೆ ಕುಗ್ಗಿಲ್ಲ, ದುಂಡಗಿದೆ, ಯಾವ ಕಡೆಯಿಂದ ನೋಡಿದರೂ, ದುಂಡಗೆ