ನೀರು ಹೊತ್ತವಳು

"ಜುಮ್ರೆತಾ ಊಟ ನಿದ್ದೆ ಬಿಟ್ಟು ಕೂತಿದಾಳೆ ಕಣೇ. 'ಫ್ಲೋರಕ್ಕನ ಮನಸ್ಸು ನೋಯಿಸ್ಬಿಟ್ಟೆ' ಅಂತ ಎದೆ ಬಡ್ಕೋತಿದಾಳೆ. ನೋಡೋಕಾಗಲ್ಲ," ಎಂದು ಮೋರಿತ್ಸ್ ಮಾವ ಟೋಪಿ ತೆಗೆಯುವ ಮೊದಲೇ ಶುರುಮಾಡಿದರು.

ಫ್ಲೋರಾ ಬಾಣಲೆಯಲ್ಲಿದ್ದ ಬದನೆಕಾಯಿ ಮಗುಚಿ ಹಾಕಿದಳು. "ಮಾವಾ, ಈ ಕಥೆ ನಂಗೆ ಹೇಳ್ಬೇಡಿ. ಚಿಕ್ಕೋಳಿದ್ದಾಗ ನಾನೂ ಲಾವುರಾನೂ ಜಗಳ ಆಡಿದ್ವಲ್ಲ, ಆಗ್ಲೂ ಇದನ್ನೇ ಹೇಳಿದ್ರಿ. ಅವಳ ಮನೆಗೆ ಹೋಗಿ ಅವಳಿಗೂ ಇದನ್ನೇ ಹೇಳಿದ್ರಿ."

"ಕೆಲಸ ಆಯ್ತೋ ಇಲ್ವೋ?"

ಸರಾಯೆವೊದಲ್ಲಿ ಉಳಿದಿದ್ದ ಬೆರಳೆಣಿಕೆಯ ಯೆಹೂದಿಗಳಿಗೆ ಗುರುಗಳೆಂದು ಯಾರೂ ಇರಲಿಲ್ಲ. ಪ್ರಾರ್ಥನೆ ನಡೆಸುವವರೂ ಮಾವನೇ, ಮುರಿದ ಸಂಬಂಧಗಳಿಗೆ ತೇಪೆ ಹಾಕುವವರೂ ಮಾವನೇ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ಜಗಳ ಬಿಡಿಸುವುದಕ್ಕೂ ಅದೇ ದಾರಿ. ಮುನಿದ ಇಬ್ಬರನ್ನು ಒಂದುಮಾಡಲು ಸತ್ಯವನ್ನು ತುಸು ಪಕ್ಕಕ್ಕೆ ಸರಿಸಬಹುದೆಂದು ಹಿಂದಿನ ಹಿರಿಯರೇ ಅಪ್ಪಣೆ ಕೊಟ್ಟಿದ್ದಾರೆ. ಮಾವ ಆ ಅಪ್ಪಣೆಯನ್ನು ಜೀವಮಾನವಿಡೀ ಧಾರಾಳವಾಗಿ ಬಳಸಿದವರು. ಈ ವಿದ್ಯೆಯಲ್ಲಿ ಅವರ ಅಕ್ಕ ರಿಕಿತ್ಸಾ, ಅಂದರೆ ಫ್ಲೋರಾಳ ತೀರಿಹೋದ ಅಮ್ಮ, ಅವರಿಗಿಂತಲೂ ಒಂದು ಕೈ ಮೇಲೆ.

"ನಾಳೆ ಸಂಜೆ ಪ್ರಾಯಶ್ಚಿತ್ತದ ಉಪವಾಸ ಶುರು," ಎಂದರು ಮಾವ, ಈಗ ನಗದೆ. "ದೇವರಿಗೆ ಮಾಡಿದ ತಪ್ಪನ್ನ ದೇವರು ನೋಡ್ಕೋತಾನೆ. ಜುಮ್ರೆತಾಗೆ ಅಂದಿದ್ದನ್ನ ಜುಮ್ರೆತಾನೇ ಕ್ಷಮಿಸ್ಬೇಕು. ಇಲ್ದಿದ್ರೆ ನೀನು ಸುಮ್ನೆ ಹೊಟ್ಟೆ ಒಣಗಿಸಿದ ಹಾಗೆ. ಅಮ್ಮನ ಹೆಸರಲ್ಲಿ ದೀಪ ಬೇರೆ ಹಚ್ತೀಯ. ಯಾವ ಮುಖ ಇಟ್ಕೊಂಡು?"

"ಅವಳೇ ಹಚ್ಲಿ ಬಿಡಿ. ಅವಳಮ್ಮ ತಾನೇ."

ಕಳೆದ ವಾರ ಊರಿನ ನಾಲ್ಕೂ ಧರ್ಮದವರು ಸೇರುವ ಕೂಟದಲ್ಲಿ ಜುಮ್ರೆತಾಳನ್ನು ಮಾತಾಡಲು ಕರೆದಿದ್ದರು. ಅವಳು ಅಮ್ಮನ ಮೇಲಿನ ಮಹಡಿಯ ಮುಸಲ್ಮಾನರ ಮನೆಯವಳು; ಯುದ್ಧದಲ್ಲಿ ನಲ್ಲಿ ನಿಂತುಹೋದಾಗ ಅಮ್ಮನಿಗೆ ನೀರು ಹೊತ್ತು ತಂದವಳು. ಸರ್ಬ್ ಪಡೆಗಳು ಊರಿಗೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ ಬಂದೂಕು ಹಿಡಿದ ಊರ ಹುಡುಗರು ಕೆಳಮನೆಯ ಸರ್ಬ್ ಮೇಷ್ಟ್ರನ್ನು ಎಳೆದೊಯ್ಯಲು ಬಂದಾಗ, ರಿಕಿತ್ಸಾ ಮೆಟ್ಟಿಲ ಮೇಲೆ ಅಡ್ಡ ಕೂತು, "ಬೂಟಿನ ಕೆಸರು ಒರೆಸ್ಕೊಂಡು ಬರೋದು ನಿಮ್ಮಮ್ಮಂದಿರು ಕಲಿಸ್ಲಿಲ್ವೇನ್ರೋ?" ಎಂದು ಬೈದು ಕಾಫಿ ಕುಡಿಸಿ ಕಳಿಸಿದ್ದನ್ನು ಅವಳು ಹೇಳಿದಳು. ಮೌಲ್ವಿ ಕಣ್ಣೊರೆಸಿಕೊಂಡರು, ಪಾದ್ರಿಯೂ ಒರೆಸಿಕೊಂಡರು. ಕೊನೆಗೆ ಜುಮ್ರೆತಾ "ನಮ್ಮಮ್ಮ ಹಂಗಿದ್ರು" ಎಂದಳು. ಆಗ ಫ್ಲೋರಾ ಎದ್ದು ನಿಂತು, "ನೀರು ಹೊತ್ತ ಮಾತ್ರಕ್ಕೆ ಯಾರೂ ಮಗಳಾಗಲ್ಲ," ಎಂದಳು. ಶಾಂತಿಗೆಂದು ಸೇರಿದ್ದ ಸಭೆ ಎದ್ದುಹೋಯಿತು.

ಫ್ಲೋರಾಳಿಗೆ ಹೊಟ್ಟೆಕಿಚ್ಚು, ಬೇರೇನಲ್ಲ. ಅದು ಅವಳಿಗೂ ಗೊತ್ತಿತ್ತು. ಯುದ್ಧ ಶುರುವಾದಾಗ ಊರು ಬಿಡುವ ಯೆಹೂದಿಗಳ ಬಸ್ಸು ಹತ್ತಿ ದೂರದ ಹೈಫಾ ಪಟ್ಟಣಕ್ಕೆ ಹೋದವಳು ಅವಳು. ಅಮ್ಮ ಬರಲೊಲ್ಲೆ ಎಂದಳು, ಅವಳು ಹೊರಟಳು. ವಾಪಸಾದಾಗ ಅಮ್ಮ ಗೋರಿಯಲ್ಲಿದ್ದಳು. ಅಮ್ಮ ಯಾವ ಮಗ್ಗುಲಿಗೆ ಮಲಗುತ್ತಿದ್ದಳು, ಕೊನೆಗೆ ಯಾವ ಹಲ್ಲು ನೋಯುತ್ತಿತ್ತು ಎಂಬುದೆಲ್ಲ ಜುಮ್ರೆತಾಳ ಬಳಿ ಇತ್ತು. ಒಬ್ಬಳೇ ಮಗಳಾಗಿ ಹುಟ್ಟಿಯೂ ಅಮ್ಮನ ಸುದ್ದಿಯನ್ನು ಪಕ್ಕದವಳ ಬಾಯಿಂದ ಕೇಳಬೇಕಾದ ಸಂಕಟ ಅವಳನ್ನು ಸುಡುತ್ತಿತ್ತು.

ಮಾವ ಬದನೆಕಾಯಿ ತಿಂದು ಹೋದ ಮೇಲೆ ಅವಳೂ ತಿಂದಳು. ಆಮೇಲೆ ಕೋಟು ಹಾಕಿಕೊಂಡು ಗುಡ್ಡದ ಬೀದಿ ಹತ್ತಿದಳು.

ಜುಮ್ರೆತಾ ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದಳು. "ಬನ್ನಿ ಅಕ್ಕಾ. ಬೆಳಿಗ್ಗೆನೇ ಮೋರಿತ್ಸ್ ಮಾವ ಬಂದಿದ್ರು. ನೀವು ಊಟ ನಿದ್ದೆ ಬಿಟ್ಟಿದೀರಂತೆ."

"ನಿನ್ ವಿಷಯಾನೂ ಹಾಗೇ ಹೇಳಿದ್ರು."

"ಅಯ್ಯೋ, ನಾನ್ ಈಗ ತಾನೇ ಉಂಡೆ."

"ನಾನೂ."

ಜುಮ್ರೆತಾ ನಕ್ಕಳು. ಫ್ಲೋರಾಳಿಗೆ ನಗು ಬರಲಿಲ್ಲ. ನಿಂತಲ್ಲೇ, ಪಾಠ ಒಪ್ಪಿಸುವವಳ ಹಾಗೆ, "ಆವತ್ತು ಎಲ್ಲರೆದುರು ಅಂದಿದ್ದು ತಪ್ಪು. ಕ್ಷಮಿಸು," ಎಂದಳು.

"ಕ್ಷಮಿಸಿದೀನಿ. ಆದ್ರೆ ನೋವಾಯ್ತು ಅಕ್ಕಾ, ಇಲ್ಲ ಅನ್ನಲ್ಲ. ಆ ನೀರು ಬರೀ ನೀರಾಗಿರ್ಲಿಲ್ಲ. ಒಂದೇ ಚೊಂಬಲ್ಲಿ ನಾನೂ ಅಮ್ಮನೂ ತಲೆ ತೊಳ್ಕೋತಿದ್ವಿ."

ಫ್ಲೋರಾಳ ಎದೆಯಲ್ಲಿ ಮತ್ತೆ ಬೆಂಕಿ ಹತ್ತಿತು. ಅಮ್ಮನ ತಲೆಗೂದಲೂ ಇವಳಿಗೇ ಸಿಕ್ಕಿತೇ? ಬಂದ ಕೆಲಸ ಮುಗಿದಿತ್ತು, ಹೊರಡಬಹುದಿತ್ತು. ಆದರೆ ಅವಳು ಕುರ್ಚಿ ಎಳೆದು ಕೂತಳು. ವಾಪಸು ಬಂದ ದಿನದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಕೊನೇಲಿ ಅಮ್ಮ... ನನ್ನ ಕೇಳಿದ್ಳಾ?"

ಜುಮ್ರೆತಾ ಬಟ್ಟೆಗೆ ಕೈ ಒರೆಸಿಕೊಂಡು ಎದುರಿಗೆ ಬಂದು ಕೂತಳು.

"ಕೇಳಿದ್ರು. ನಿಮ್ಮ ಹೆಸರು ಬಿಟ್ರೆ ಬೇರೆ ಮಾತೇ ಇರ್ಲಿಲ್ಲ. ಹೋಗಿದ್ದು ಒಳ್ಳೇದೇ ಆಯ್ತು, ನನ್ ಮಗಳು ಬದುಕಿದಾಳಲ್ಲ ಅಂದ್ರು."

ಹೇಳುತ್ತಲೇ ಅವಳು ಫ್ಲೋರಾಳ ತೋಳಿನ ಮೇಲಿಂದ ಇಲ್ಲದ ಒಂದು ದಾರದ ಎಳೆಯನ್ನು ಚಿವುಟಿ ತೆಗೆದಳು. ಕಣ್ಣು ಮಾತ್ರ ನೆಟ್ಟಗೆ ಫ್ಲೋರಾಳ ಕಣ್ಣಿನಲ್ಲೇ ಇತ್ತು. ಊರಿನ ಅದೆಷ್ಟೋ ಜಗಳಗಳನ್ನು ಅಮ್ಮ ಹೀಗೆಯೇ ಎದುರಿನವರ ತೋಳಿನಿಂದ ಇಲ್ಲದ ಎಳೆ ಚಿವುಟುತ್ತ, ಕಣ್ಣು ತಪ್ಪಿಸದೆ, ಸುಳ್ಳು ಹೇಳಿ ಮುಗಿಸಿದ್ದಳು. ಇದನ್ನು ಫ್ಲೋರಾ ಎಂದೂ ಕಲಿತಿರಲಿಲ್ಲ, ಜುಮ್ರೆತಾ ಕಲಿತಿದ್ದಳು.

ಹೊಟ್ಟೆಕಿಚ್ಚು ಆರಲಿಲ್ಲ. ಅವಳು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಇನ್ನೇನಂದ್ಳು? ಹೇಳು," ಎಂದು ಇನ್ನೊಂದು ತೋಳನ್ನೂ ಜುಮ್ರೆತಾಳ ಕೈಗೆ ಸಿಗುವಂತೆ ಮೇಜಿನ ಮೇಲಿಟ್ಟಳು.